ಆರಂಕಿ

ಮಾರ್ಚ್ ಇಪ್ಪತ್ತೆಂಟು. ಶಿಡ್ಲಘಟ್ಟದಲ್ಲಿ ಕರೆಂಟು ಹೋಗಿ
ಯುಪಿಎಸ್ಸು ಕೀರಲು ಶುರುಮಾಡಿದಾಗ
ಸಿಬ್ಗತುಲ್ಲಾ ಮೆಟ್ಟಿಲು ಹತ್ತಿ ಬಂದ.
ಅವನಿಗಿಂತ ಮುಂಚೆ ವಾಸನೆ ಬಂತು,
ಬೆಂದ ಗೂಡಿನದು, ಪ್ಯೂಪದ್ದು. ಈ ಊರಲ್ಲಿ
ಅದಕ್ಕೆ ಮೂಗು ಮುಚ್ಚುವವರು ಹೊಸಬರು.
ನಮಗದು ದುಡ್ಡಿನ ವಾಸನೆ,
ಬರಬೇಕಾದ ದುಡ್ಡಿನದು.

"ಮೇಡಂ, ನನ್ನ ಹೆಸರು ಅಳಿಸಿಬಿಡಿ."
ಯಾವುದರಿಂದ?
"ಅದೇ, ನೀವೇ ಮಾಡಿಕೊಟ್ಟಿರಲ್ಲ, ಉದ್ಯಮ್ ಸರ್ಟಿಫಿಕೇಟು."
ಅದಕ್ಕವನು ಗ್ಲಾಸು ಹಾಕಿಸಿ ತೂಗುಹಾಕಿದ್ದ.
ಬಾಯ್ಲರಿನ ಹಬೆ ಒಳಹೊಕ್ಕು ಅಕ್ಷರ ಕರಗಿ
'ಸೂಕ್ಷ್ಮ' ಅನ್ನುವುದೊಂದು ಮಾತ್ರ ಉಳಿದಿತ್ತು.

ಕಾರಣ ಕೇಳಲಿಲ್ಲ. ಗೊತ್ತಿತ್ತು.
ಹುರಿ ಮಿಲ್ಲಿನ ಗೋಪಿನಾಥ ಶೆಟ್ಟರ ಲೆಕ್ಕ ಬರೆಯುವವಳೂ ನಾನೇ.

ಎರಡು ವರ್ಷದ ಹಿಂದೆ ಒಂದು ಕಲಮು ಬಂತು:
ಸಣ್ಣವನ ಸರಕು ಕೊಂಡರೆ ಹದಿನೈದು ದಿನದಲ್ಲಿ ದುಡ್ಡು ಕೊಡು,
ಬರಹದ ಕರಾರಿದ್ದರೆ ನಲವತ್ತೈದು, ಅದರಾಚೆಗಿಲ್ಲ.
ಕೊಡದೆ ವರ್ಷ ಮುಗಿದರೆ ಆ ಖರೀದಿ ಖರ್ಚೇ ಅಲ್ಲ,
ಕೊಡದ ದುಡ್ಡು ಲಾಭವಾಗಿ ಎದ್ದು ಕೂತು
ನಿನ್ನನ್ನೇ ತೆರಿಗೆ ಕೇಳುತ್ತದೆ.
ಯಾರು ಬರೆದರೋ, ಚೆನ್ನಾಗಿ ಬರೆದಿದ್ದಾರೆ.
ಅವರು ಶೆಟ್ಟರ ಗಾದಿಯ ಮೇಲೆ ಕೂತು ಕಾಫಿ ಕುಡಿದವರಲ್ಲ.

ಇಲ್ಲಿ ಕರಾರು ಅಂದರೆ, "ಆಯ್ತು ಬಿಡಪ್ಪ."
ಗಡುವು ಅಂದರೆ, ಧರ್ಮಾವರಂ ಪಾರ್ಟಿ ಕೊಟ್ಟಮೇಲೆ,
ಯುಗಾದಿ ಆಗಲಿ, ಈದಿಗೆ ಮುಂಚೆ ಕೊಡೋಣ.
ಯುಗಾದಿಯೂ ಆಯಿತು. ಈದೂ ಆಯಿತು.

ಶೆಟ್ಟರು ಬೈದಿರಲಿಲ್ಲವಂತೆ. ಹೆಗಲ ಮೇಲೆ ಕೈಯಿಟ್ಟು,
"ಸರ್ಕಾರದ ಪಟ್ಟೀಲಿ ನೀನು ಸಣ್ಣೋನಾದ್ರೆ ನಂಗೆ ಕಷ್ಟ ಕಣಯ್ಯ.
ಪಟ್ಟಿಯಿಂದ ಆಚೆ ಎಷ್ಟು ಸಣ್ಣೋನಾಗಿ ಬೇಕಾದ್ರೂ ಇರು,
ನಿನ್ನ ನೂಲು ನಾನೇ ತಗೋತೀನಿ."

ಹುಳಕ್ಕೆ ನಾಲ್ಕು ಜ್ವರ. ಸೊಪ್ಪು ಬಿಟ್ಟು, ತಲೆಯೆತ್ತಿ,
ಅಲುಗದೆ ನಿಂತು, ಪೊರೆ ಕಳಚಿ ಏಳುತ್ತದೆ.
ನನ್ನ ಕಾಯಿದೆಗಳ ಜ್ವರಕ್ಕೆ ಲೆಕ್ಕವಿಲ್ಲ.
ತೆರಿಗೆಯ ಎರಡು ದರ ಹೋದವು. ನಾಲ್ಕು ದಿನ ಕಳೆದರೆ
ಆದಾಯ ತೆರಿಗೆಗೆ ಪೂರ್ತಿ ಹೊಸ ಮೈ.
ಬಾಯಿಪಾಠವಾಗಿದ್ದ ಕಲಮು ನಂಬರುಗಳನ್ನೆಲ್ಲ
ಐವತ್ತೆರಡರಲ್ಲಿ ಮತ್ತೆ ಕಲಿಯಬೇಕು.

ಗೂಡಿಗೂ ಗಡುವಿದೆ. ತಡಮಾಡಿದರೆ
ಚಿಟ್ಟೆ ಕೊರೆದು ಹೊರಬರುತ್ತದೆ, ಎಳೆಯೆಲ್ಲ ತುಂಡು.
ಅದಕ್ಕೇ ಮಾರ್ಕೆಟ್ಟಿನಲ್ಲಿ ಸಿಬ್ಗತ್ ಅಂದಂದೇ ದುಡ್ಡು ಕಟ್ಟುತ್ತಾನೆ.
ಅವನಿಂದ ಮುಂದಕ್ಕೆ ಯಾರಿಗೂ ಚಿಟ್ಟೆಯ ಭಯವಿಲ್ಲ.

ಪೋರ್ಟಲ್ಲು ತೆರೆದೆ. ರದ್ದತಿಗೆ ಕಾರಣವೇನು ಅಂತ ಕೇಳಿತು.
ಏನೋ ಒಂದು ತುಂಬಿದೆ. ಓಟಿಪಿ ಹೋಯಿತು,
ಅವನ ಹೆಂಡತಿ ಮುಬೀನ್ ತಾಜಳ ಫೋನಿಗೆ.
ಸ್ಪೀಕರಿನಲ್ಲಿ ಕುದಿನೀರಿನ ಸದ್ದು, ರಾಟೆಯ ಗಿರಗಿರ.
ಒದ್ದೆ ಬೆರಳಲ್ಲಿ ಫೋನು ಹಿಡಿದಿದ್ದಳೇನೋ,
ಎರಡು ಸಲ ಕಟ್ಟಾಗಿ ಮೂರನೇ ಸಲ ಸಿಕ್ಕಳು.

"ಶೆಟ್ರಿಂದ ಎಷ್ಟು ಬರಬೇಕು ಮೇಡಂ, ನಿಮ್ಮ ಲೆಕ್ಕದಲ್ಲಿ?"
ಒಂದು ಲಕ್ಷದ ಎಂಬತ್ಮೂರು ಸಾವಿರದ ನಾನೂರೈವತ್ತು.
"ಅದು ಎಷ್ಟು ನಂಬರು?"
ಆರು.
"ಇದೂ ಆರೇ ಇದೆ. ಅವರ ಆರು ನನ್ನ ಅಕೌಂಟಿಗೆ ಬರಲಿ,
ಈ ಆರು ಆವಾಗ ಹೇಳ್ತೀನಿ."

ತೆರೆಯ ಮೂಲೆಯಲ್ಲಿ ಹತ್ತು ನಿಮಿಷ ಕರಗತೊಡಗಿತು.
ಸಿಬ್ಗತ್ ಅದನ್ನೇ ನೋಡಿದ,
ಬಾಣಲೆಯಲ್ಲಿ ಎಳೆಯ ತುದಿ ಹುಡುಕುವವನ ಹಾಗೆ.
ಏಳು. ನಾಲ್ಕು. ನಾನು ಮತ್ತೆ ಕಳಿಸಲೇ ಅನ್ನಲಿಲ್ಲ,
ಅವನೂ ಅನ್ನಲಿಲ್ಲ. ಕರೆಂಟು ಬಂತು. ಫ್ಯಾನು ತಿರುಗಿ
ಯಾರದೋ ಬಿಲ್ಲು ನೆಲಕ್ಕೆ ಬಿತ್ತು, ಎತ್ತಿಕೊಟ್ಟ.
"ಬರ್ತೀನಿ," ಅಂದ. ಯಾತಕ್ಕೆ ಅಂತ ಹೇಳಲಿಲ್ಲ.

ರಾತ್ರಿ ಶೆಟ್ಟರ ಪುಸ್ತಕದಲ್ಲಿ, ಕೊಡಬೇಕಾದವರ ಪಟ್ಟಿಯಲ್ಲಿ
ಅವನ ಅಂಕಿ ಒಂದೊಂದಾಗಿ ಒತ್ತಿದೆ:
ಒಂದು, ಎಂಟು, ಮೂರು, ನಾಲ್ಕು, ಐದು, ಸೊನ್ನೆ.
ಅದರ ಕೆಳಗಿನ ಸಾಲಿನಲ್ಲೇ ನನ್ನ ಫೀಸು, ಎರಡು ವರ್ಷದ್ದು.
ಊರಿಗೆಲ್ಲ ನೋಂದಣಿ ಮಾಡಿಕೊಟ್ಟವಳು
ನನ್ನದು ಮಾಡಿಸಿಯೇ ಇಲ್ಲ.
ಆಧಾರ್ ಕಾರ್ಡು ಹುಡುಕಿದೆ.
ಬೀರುವಿನಲ್ಲಿರಲಿಲ್ಲ. ಬ್ಯಾಗಿನಲ್ಲೂ.